ಡಿಜೆ, ರಸಮಂಜರಿ, ಸಂಗೀತ ರಾತ್ರಿ: ಕಿವಿ ಕೆಡಿಸಿಕೊಳ್ಳದೆ ಸಂಭ್ರಮಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಯೊಂದರಲ್ಲಿ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದೆ. ಎಲೆಯ ಮುಂದೆ ಕುಳಿತಿದ್ದ ಹಿರಿಯರೊಬ್ಬರು ‘ಸಾಕು’ ಎಂದದ್ದು ನನಗೆ ‘ಹಾಕು’ ಎಂದು ಕೇಳಿಸಿತು. ಎರಡನೆಯ ಹೋಳಿಗೆ ಹಾಕಿದೆ, ಮೂರನೆಯದಕ್ಕೂ ಬಾಗಿದೆ. ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಾಗಲೇ ನನಗೆ ಅರ್ಥವಾದದ್ದು. ಅದೇ ತಿಂಗಳು ಕಿವಿ ಪರೀಕ್ಷೆ ಮಾಡಿಸಿದಾಗ, ವರದಿಯ ಗೆರೆ 4,000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಬಳಿ ಎರಡೂ ಕಿವಿಗಳಲ್ಲಿ ಗುಂಡಿ ಬಿದ್ದ ರಸ್ತೆಯಂತೆ ಕೆಳಗಿಳಿದಿತ್ತು. ಊರಿನ ಗಣಪತಿ ಸಮಿತಿಯಲ್ಲಿ, ನವೆಂಬರ್ ತಿಂಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕನಾಗಿ ಸ್ಪೀಕರ್ ಪಕ್ಕದಲ್ಲೇ ನಿಂತು ಕಳೆದ ಹದಿನೈದು ವರ್ಷಗಳು ಆ ಗೆರೆಯಲ್ಲಿ ಮೂಡಿದ್ದವು.

ಹಾಡು, ಕುಣಿತ, ಮೆರವಣಿಗೆ ಯಾವುದನ್ನೂ ಬಿಡಬೇಕಾಗಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಕಿವಿಗೆ ವಾರಕ್ಕೆ ಇಷ್ಟು ಎಂಬ ಸದ್ದಿನ ಪಾಲು ಇದೆ, ಅದು ನಿಮಿಷಗಳ ಲೆಕ್ಕದಲ್ಲಿ ಖರ್ಚಾಗುತ್ತದೆ ಎಂಬುದನ್ನು ತಿಳಿದುಕೊಂಡು ಹೋಗಬೇಕು. ಆ ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಏನೇನು ಮಾಡುತ್ತಿದ್ದೆನೋ ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ಸದ್ದಿನ ಲೆಕ್ಕ ತಿಳಿಯುವುದು

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಪ್ರತಿ ಕಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿದ್ದು, ಸದ್ದಿನ ಅಲೆ ಬಂದಾಗ ಅವುಗಳ ತುದಿಯ ಎಳೆಗಳು ಬಾಗುತ್ತವೆ. ಆ ಬಾಗುವಿಕೆಯೇ ನರಗಳ ಮೂಲಕ ಮಿದುಳಿಗೆ ಹೋಗುವ ಸಂಕೇತವಾಗುತ್ತದೆ. ಗಾಳಿಗೆ ಬಾಗಿದ ಪೈರು ಮತ್ತೆ ನೆಟ್ಟಗಾಗುವಂತೆ ಸಾಧಾರಣ ಸದ್ದಿನ ನಂತರ ಅವೂ ನೆಟ್ಟಗಾಗುತ್ತವೆ. ಸದ್ದು ಬಹಳ ಜೋರಾಗಿದ್ದರೆ ಅಥವಾ ಬಹಳ ಹೊತ್ತು ಇದ್ದರೆ ಮಲಗಿದ ಪೈರು ಏಳುವುದಿಲ್ಲ. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಮೊದಲು ಹಾಳಾಗುವುದು 3,000ದಿಂದ 6,000 ಹರ್ಟ್ಸ್ ನಡುವಿನ ಸ್ವರಗಳನ್ನು ಹಿಡಿಯುವ ಭಾಗ. ಮಾತಿನಲ್ಲಿ ಸ, ಶ, ಚ, ತ, ಕಗಳಂತಹ ವ್ಯಂಜನಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ಕೇಳಲು ಎತ್ತರದ ಸ್ವರಗಳೇ ಬೇಕು. ಅದಕ್ಕಾಗಿಯೇ ಇಂತಹ ಕಿವುಡಿನವರು ‘ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ. ಹೋಳಿಗೆಯ ಪಂಕ್ತಿಯಲ್ಲಿ ನನಗಾದದ್ದೂ ಇದೇ.

ಸದ್ದು ಎಷ್ಟು ಜೋರು ಎಂಬುದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರ ಕಿವಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆಗಳಷ್ಟು ಸದ್ದು ಸುರಕ್ಷಿತ. ಡೆಸಿಬೆಲ್‌ನ ಏರಿಕೆ ನಾವು ದಿನವೂ ಬಳಸುವ ಕಿಲೋ, ಲೀಟರುಗಳ ಏರಿಕೆಯಂತಲ್ಲ. 3 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಸುರಕ್ಷಿತ ಸಮಯ ಅರ್ಧವಾಗುತ್ತದೆ. ಹೀಗೆ 83ರಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 89ರಲ್ಲಿ 5 ಗಂಟೆ, 92ರಲ್ಲಿ ಎರಡೂವರೆ ಗಂಟೆ, 95ರಲ್ಲಿ ಒಂದೂಕಾಲು ಗಂಟೆ, 98ರಲ್ಲಿ ಮೂವತ್ತೇಳು ನಿಮಿಷ. 101 ಡೆಸಿಬೆಲ್ ಮುಟ್ಟುವ ಹೊತ್ತಿಗೆ ಇಡೀ ವಾರದ ಪಾಲು ಹತ್ತೊಂಬತ್ತು ನಿಮಿಷಕ್ಕೆ ಇಳಿದಿರುತ್ತದೆ. ಡಿಜೆ ಪೆಟ್ಟಿಗೆಗಳ ಮುಂದೆ, ಪಬ್‌ನ ಕುಣಿತದ ಜಾಗದಲ್ಲಿ, ದೊಡ್ಡ ಸಂಗೀತ ಕಾರ್ಯಕ್ರಮದ ಮುಂದಿನ ಸಾಲಿನಲ್ಲಿ 100 ಡೆಸಿಬೆಲ್ ಸಿಗುವುದು ಅಪರೂಪವೇನಲ್ಲ. ವಿಸರ್ಜನೆಯ ಮೆರವಣಿಗೆಯಲ್ಲಿ ಅಷ್ಟು ಸದ್ದಿನಲ್ಲಿ ನಾಲ್ಕು ಗಂಟೆ ಹೆಜ್ಜೆ ಹಾಕಿದವರು ಸುಮಾರು ಹತ್ತು ವಾರಗಳ ಪಾಲನ್ನು ಒಂದೇ ಸಂಜೆ ಮುಗಿಸಿರುತ್ತಾರೆ.

ತಪ್ಪೆಲ್ಲ ಡಿಜೆಯದೇ ಎಂದು ತಿಳಿಯಬೇಡಿ. ಡೊಳ್ಳು, ತಮಟೆ, ಚಂಡೆ, ಮುಚ್ಚಿದ ಛತ್ರದೊಳಗಿನ ಓಲಗ ಕೂಡ ಹತ್ತಿರದಿಂದ ಕೇಳಿದರೆ ಕಿವಿಗೆ ಭಾರವೇ. ನಮ್ಮ ವಾದ್ಯ, ಪರರ ವಾದ್ಯ ಎಂಬ ಭೇದ ರೋಮಕೋಶಕ್ಕೆ ತಿಳಿಯುವುದಿಲ್ಲ.

ಎರಡನೆಯ ಹಂತ: ಹೋಗುವ ಮುನ್ನ

ವಾರದ ಲೆಕ್ಕ ಎಂದ ಮೇಲೆ ಅದರಲ್ಲಿ ಬಸ್ಸಿನಲ್ಲಿ ಕಿವಿಗಿಟ್ಟುಕೊಳ್ಳುವ ಇಯರ್‌ಫೋನ್, ಕಾರ್ಖಾನೆಯ ಯಂತ್ರದ ಸದ್ದು, ಜಿಮ್ಮಿನ ಹಾಡು ಎಲ್ಲವೂ ಸೇರುತ್ತವೆ. ಶನಿವಾರ ರಾತ್ರಿ ಕಾರ್ಯಕ್ರಮವಿದ್ದರೆ ಗುರುವಾರ, ಶುಕ್ರವಾರ ಇಯರ್‌ಫೋನ್ ಬಿಡುವುದು ಒಳ್ಳೆಯದು.

ಅದಕ್ಕಿಂತ ಮುಖ್ಯವಾದ ಸಿದ್ಧತೆಯೆಂದರೆ ಇಯರ್‌ಪ್ಲಗ್ ಕೊಳ್ಳುವುದು. ಹತ್ತಿ ತುರುಕಿಕೊಂಡರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹತ್ತಿ ಕೆಲವೇ ಡೆಸಿಬೆಲ್ ತಡೆಯುತ್ತದೆ, ಜೊತೆಗೆ ರಕ್ಷಣೆ ಇದೆ ಎಂಬ ಸುಳ್ಳು ಧೈರ್ಯವನ್ನೂ ಕೊಡುತ್ತದೆ. ಅಗ್ಗದ ಬೆಲೆಗೆ ಸಿಗುವ ಹಳದಿ, ಕಿತ್ತಳೆ ಬಣ್ಣದ ಫೋಮ್ ಪ್ಲಗ್‌ಗಳು ಔಷಧದಂಗಡಿಗಳಲ್ಲಿ, ಕೈಗಾರಿಕಾ ಸುರಕ್ಷಾ ಸಾಮಗ್ರಿಗಳ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ದೊರೆಯುತ್ತವೆ. ಪೊಟ್ಟಣದ ಮೇಲೆ 33 ಡೆಸಿಬೆಲ್ ತಡೆಯುತ್ತದೆ ಎಂದಿದ್ದರೆ ಅಷ್ಟನ್ನೂ ನಂಬಬೇಡಿ. ಆ ಅಂಕಿ ಪ್ರಯೋಗಾಲಯದಲ್ಲಿ ಸರಿಯಾಗಿ ಹಾಕಿಕೊಂಡಾಗಿನದು. ಅದರಲ್ಲಿ 7 ಕಳೆದು ಉಳಿದದ್ದನ್ನು ಅರ್ಧ ಮಾಡಿದರೆ ನಿಜ ಜೀವನದಲ್ಲಿ ನಿರೀಕ್ಷಿಸಬಹುದಾದ ರಕ್ಷಣೆ ಸಿಗುತ್ತದೆ. ಅಂದರೆ 13 ಡೆಸಿಬೆಲ್. ಇದೇನು ಮಹಾ ಎನಿಸಬಹುದು. ಆದರೆ 101 ಡೆಸಿಬೆಲ್ ಸದ್ದು 88ಕ್ಕೆ ಇಳಿದರೆ ಹತ್ತೊಂಬತ್ತು ನಿಮಿಷದ ಪಾಲು ಸುಮಾರು ಆರು ಗಂಟೆಗೆ ಹಿಗ್ಗುತ್ತದೆ. ಒಂದು ಪೂರ್ತಿ ಕಾರ್ಯಕ್ರಮ ಅದರೊಳಗೆ ಹಿಡಿಸುತ್ತದೆ.

ಫೋಮ್ ಪ್ಲಗ್ ಎತ್ತರದ ಸ್ವರಗಳನ್ನು ಹೆಚ್ಚು, ಕೆಳಗಿನ ಸ್ವರಗಳನ್ನು ಕಡಿಮೆ ತಡೆಯುವುದರಿಂದ ಹಾಡು ಕಂಬಳಿ ಹೊದ್ದಂತೆ ಮಂಕಾಗಿ ಕೇಳಿಸುತ್ತದೆ. ಸಂಗೀತವನ್ನು ಪ್ರೀತಿಸಿ ಕೇಳುವವರು, ಅದರಲ್ಲೂ ವೇದಿಕೆಯ ಮೇಲೆ ನುಡಿಸುವವರು, ಒಳಗೆ ಸಣ್ಣ ಸೋಸುಕ ಇರುವ ಸಂಗೀತಗಾರರ ಇಯರ್‌ಪ್ಲಗ್ ಕೊಳ್ಳುವುದು ಮೇಲು. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ವಾಲ್ಯೂಮ್ ಕಡಿಮೆ ಮಾಡಿದಂತಾಗುತ್ತದೆಯೇ ಹೊರತು ಹಾಡು ಕೆಡುವುದಿಲ್ಲ. ಶ್ರವಣತಜ್ಞರಲ್ಲಿ ಕಿವಿಯ ಅಚ್ಚು ತೆಗೆಸಿ ಮಾಡಿಸಿಕೊಂಡರೆ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಕಿವಿ ಸೋರುತ್ತಿದ್ದರೆ, ಕಿವಿಯೊಳಗಿನ ತಮಟೆಯಲ್ಲಿ (ಸದ್ದಿಗೆ ಅದುರುವ ತೆಳು ಪರೆಯಲ್ಲಿ) ತೂತಿದೆ ಎಂದು ವೈದ್ಯರು ಹೇಳಿದ್ದರೆ, ಅವರನ್ನು ಕೇಳದೆ ಯಾವ ಪ್ಲಗ್ಗನ್ನೂ ಹಾಕಿಕೊಳ್ಳಬಾರದು.

ಮೂರನೆಯ ಹಂತ: ಪ್ಲಗ್ ಹಾಕಿಕೊಳ್ಳುವ ಕ್ರಮ

ಪ್ಲಗ್ ಹಾಕಿಕೊಂಡೂ ಕಿವಿ ಕೆಡಿಸಿಕೊಳ್ಳುವವರು ಇಲ್ಲೇ ಎಡವುತ್ತಾರೆ; ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕೈ ತೊಳೆದುಕೊಳ್ಳಿ. ಪ್ಲಗ್ಗನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬತ್ತಿ ಹೊಸೆಯುವಂತೆ ಹೊಸೆಯಿರಿ. ಸುಕ್ಕಿಲ್ಲದೆ, ಊದುಬತ್ತಿಗಿಂತ ತುಸು ದಪ್ಪಗೆ ಬರುವವರೆಗೆ ಹೊಸೆಯಬೇಕು. ಸುಕ್ಕು ಉಳಿದರೆ ಅದರ ಸಂದಿಯಲ್ಲೇ ಸದ್ದು ನುಗ್ಗುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂಬದಿಯಿಂದ ತಂದು ಬಲಗಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ಕಿವಿಯ ನಾಳ ಸೊಟ್ಟಗಿರುತ್ತದೆ, ಹೀಗೆ ಎಳೆದಾಗ ನೇರವಾಗುತ್ತದೆ. ಹೊಸೆದ ಪ್ಲಗ್ಗನ್ನು ಕೂಡಲೇ ಒಳಗೆ ಸರಿಸಿ, ಬೆರಳ ತುದಿಯಿಂದ ಅರ್ಧ ನಿಮಿಷ ಹಾಗೇ ಒತ್ತಿ ಹಿಡಿಯಿರಿ. ಅದು ಒಳಗೆ ಉಬ್ಬುತ್ತಿದ್ದಂತೆ ಹೊರಗಿನ ಸದ್ದು ದೂರ ಸರಿಯುವುದು ನಿಮಗೇ ತಿಳಿಯುತ್ತದೆ. ಈ ಅರ್ಧ ನಿಮಿಷ ಕಾಯದೆ ಬೆರಳು ತೆಗೆದರೆ ಪ್ಲಗ್ ಉಬ್ಬುತ್ತಾ ಹೊರಕ್ಕೆ ಜಾರುತ್ತದೆ.

ಸರಿಯಾಗಿ ಕೂತಿದೆಯೇ ಎಂದು ನೋಡಲು ಎರಡು ಪರೀಕ್ಷೆಗಳಿವೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗಿದರೆ ನಿಮ್ಮ ದನಿ ತಲೆಯೊಳಗೇ ಗಾಢವಾಗಿ ಮೊಳಗಬೇಕು. ಸದ್ದಿರುವ ಕಡೆ ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆದಾಗ ಹೆಚ್ಚಿನ ವ್ಯತ್ಯಾಸ ಕಾಣಬಾರದು. ಕಂಡರೆ ತೆಗೆದು ಮತ್ತೆ ಹಾಕಿಕೊಳ್ಳಿ. ಮನೆಯಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿ ಹೋದರೆ ಜಂಗುಳಿಯ ನಡುವೆ ಪರದಾಡಬೇಕಿಲ್ಲ. ಹಾಡು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ನಡುವೆ ವೀಡಿಯೊ ತೆಗೆಯಲೆಂದೋ ಮಾತಾಡಲೆಂದೋ 101 ಡೆಸಿಬೆಲ್‌ನಲ್ಲಿ ಕಾಲು ಗಂಟೆ ತೆಗೆದಿಟ್ಟರೆ ವಾರದ ಪಾಲಿನಲ್ಲಿ ಮುಕ್ಕಾಲಿಗೂ ಹೆಚ್ಚು ಅಲ್ಲೇ ಮುಗಿಯುತ್ತದೆ. ಮಾತಾಡಲೇಬೇಕಿದ್ದರೆ ಹೊರಗೆ ಹೋಗಿ. ಒಬ್ಬರ ಕಿವಿಗೆ ಬಾಯಿಯಿಟ್ಟು ಕಿರುಚುವುದೂ ಆ ಕಿವಿಗೆ ಪೆಟ್ಟೇ.

ನಾಲ್ಕನೆಯ ಹಂತ: ನಿಲ್ಲುವ ಜಾಗ, ಕಳೆಯುವ ಹೊತ್ತು

ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಡೆಸಿಬೆಲ್ ಇರುವ ಪೆಟ್ಟಿಗೆ ಎರಡು ಮೀಟರಿಗೆ 104, ನಾಲ್ಕು ಮೀಟರಿಗೆ 98, ಎಂಟು ಮೀಟರಿಗೆ 92. ಹತ್ತಾರು ಹೆಜ್ಜೆ ಹಿಂದೆ ಸರಿಯುವುದಕ್ಕೆ ಕಾಸು ಖರ್ಚಿಲ್ಲ, ಹಾಡೂ ತಪ್ಪುವುದಿಲ್ಲ. ಈ ಲೆಕ್ಕ ಒಳಾಂಗಣದಲ್ಲಿ ಅಷ್ಟು ಸಲೀಸಾಗಿ ನಡೆಯದು. ಗ್ರಾನೈಟ್ ನೆಲ, ಆರ್‌ಸಿಸಿ ಚಾವಣಿ, ಬರಿಯ ಗೋಡೆಗಳ ಕಲ್ಯಾಣ ಮಂಟಪದಲ್ಲಿ ಸದ್ದು ಪುಟಿದು ಪುಟಿದು ಎಲ್ಲ ಮೂಲೆಗೂ ತುಂಬಿಕೊಳ್ಳುತ್ತದೆ. ಎರಡೂ ಬದಿಯಲ್ಲಿ ಮಹಡಿ ಕಟ್ಟಡಗಳಿರುವ ಪೇಟೆ ಬೀದಿಯ ಮೆರವಣಿಗೆಯೂ ಹಾಗೆಯೇ. ಅಂತಹ ಕಡೆ ದೂರವನ್ನೊಂದೇ ನಂಬದೆ ಪ್ಲಗ್ ಹಾಕಿಕೊಳ್ಳಬೇಕು, ಆಗಾಗ ಹೊರಗೆ ಬರಬೇಕು.

ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಪೂರ್ತಿ ಸದ್ದಿಲ್ಲದ ಕಡೆ ಕಳೆಯಿರಿ. ಮಾಪಕವಿಲ್ಲದೆ ಅಳೆಯಲು ಹಳೆಯ ಉಪಾಯವೊಂದಿದೆ: ಒಂದು ತೋಳಿನ ದೂರದಲ್ಲಿರುವವರೊಡನೆ ದನಿ ಏರಿಸದೆ ಮಾತಾಡಲು ಆಗದಿದ್ದರೆ ಅಲ್ಲಿನ ಸದ್ದು ಹೆಚ್ಚೂಕಡಿಮೆ 85 ಡೆಸಿಬೆಲ್ ಅಥವಾ ಅದಕ್ಕೂ ಮೇಲಿದೆ. ಫೋನಿನ ಆ್ಯಪ್‌ಗಳೂ ಇವೆ. ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಸದ್ದಿನ ಮಾಪಕ ಐಫೋನಿಗೆ ಉಚಿತ. ಆಂಡ್ರಾಯ್ಡ್ ಫೋನುಗಳ ಮೈಕ್ ಒಂದೊಂದು ಒಂದೊಂದು ಬಗೆಯದಾದ್ದರಿಂದ ಅವುಗಳ ಅಂಕಿಯನ್ನು ಅಂದಾಜು ಎಂದೇ ಎಣಿಸಿ. ಬಹಳ ಜೋರಾದ ಕಡೆ ಫೋನಿನ ಮೈಕ್ ನಿಜಕ್ಕಿಂತ ಕಡಿಮೆ ತೋರಿಸುವುದುಂಟು, ಹಾಗಾಗಿ 90 ಎಂದು ಕಂಡರೂ ನಿಶ್ಚಿಂತರಾಗಬೇಡಿ.

‘ಮೊದಲು ಜೋರೆನಿಸಿತು, ಈಗ ಅಭ್ಯಾಸವಾಯಿತು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಅದು ಅಭ್ಯಾಸವಲ್ಲ. ಕಿವಿ ದಣಿದು ತಾತ್ಕಾಲಿಕವಾಗಿ ಮಂದವಾಗಿದೆ ಎಂಬುದರ ಗುರುತು ಅದು. ಹೊರಗೆ ಬರಬೇಕಾದ ಹೊತ್ತು.

ಮಕ್ಕಳು, ಮತ್ತು ಸದ್ದಿನ ಕೆಲಸದವರು

ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಇನ್ನೂ ಕಡಿಮೆ: ವಾರಕ್ಕೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಅದೇ ಅರ್ಧ ಅರ್ಧದ ಲೆಕ್ಕದಲ್ಲಿ 96 ಡೆಸಿಬೆಲ್‌ಗೆ ಬರುವಾಗ ಮಗುವಿನ ವಾರದ ಪಾಲು ಹತ್ತೊಂಬತ್ತು ನಿಮಿಷ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ತೋರಿಸುವ ಅಪ್ಪಂದಿರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಹೆಗಲ ಎತ್ತರವೆಂದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಪೆಟ್ಟಿಗೆಗಳ ನೇರ ಎತ್ತರ. ಪುಟ್ಟ ಮಕ್ಕಳಿಗೆ ಫೋಮ್ ಪ್ಲಗ್ ಬೇಡ. ಅದು ಅವರ ಕಿವಿಗೆ ಹೊಂದುವುದಿಲ್ಲ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ತಲೆಯ ಮೇಲಿಂದ ಬಂದು ಎರಡೂ ಕಿವಿಗಳನ್ನು ಮುಚ್ಚುವ ಮಕ್ಕಳ ಅಳತೆಯ ಇಯರ್ ಮಫ್ ಕೊಳ್ಳಿ. ಕೂಸಾದರೆ ಮನೆಯಲ್ಲೇ ಇರಲಿ.

ಇನ್ನು ಜನರೇಟರ್ ಪಕ್ಕದಲ್ಲಿ, ಪೆಟ್ಟಿಗೆಗಳ ನಡುವೆ ವೈರು ಹಿಡಿದು ಕೂರುವ ಸೌಂಡ್ ಸಿಸ್ಟಮ್ ಹುಡುಗರು. ನಮಗೆ ವರ್ಷಕ್ಕೆ ಮೂರು ನಾಲ್ಕು ರಾತ್ರಿಯಾದರೆ ಅವರಿಗೆ ಹಬ್ಬದ ಕಾಲದಲ್ಲಿ ದಿನವೂ ಅದೇ. ಅನೇಕರು ಇಪ್ಪತ್ತು ದಾಟದವರು. ಕೆಲಸದ ಸ್ಥಳದ ಸದ್ದಿಗೆ ನಿಯೋಷ್ ಸೂಚಿಸುವ ಮಿತಿ ದಿನಕ್ಕೆ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ. 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ. ಅವರಿಗೆ ಇಯರ್ ಮಫ್ ಕೊಡಿಸುವುದು, ಸರದಿಯ ಮೇಲೆ ಬಿಡುವು ಕೊಡುವುದು ಮಾಲೀಕರ ಕರ್ತವ್ಯ. ಮಾಲೀಕರು ಕೊಡದಿದ್ದರೆ ಗೊತ್ತುಮಾಡುವ ಸಮಿತಿಯವರು ನಾವೇ ಷರತ್ತು ಹಾಕೋಣ. ಡೊಳ್ಳಿನ, ತಮಟೆಯ ತಂಡದವರಿಗೂ ಈ ಮಾತು ಸಲ್ಲುತ್ತದೆ.

ಕಾರ್ಯಕ್ರಮ ನಿಮ್ಮದೇ ಆಗಿದ್ದರೆ

ಸ್ಪೀಕರುಗಳನ್ನು ನೆಲದ ಮೇಲಿಡದೆ ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ, ಅವುಗಳ ಸುತ್ತ ಎರಡು ಮೂರು ಮೀಟರ್ ದೂರಕ್ಕೆ ಹಗ್ಗ ಕಟ್ಟಿಸಿ. ಹಿರಿಯರ, ಮಕ್ಕಳ ಕುರ್ಚಿಗಳು ಸ್ಪೀಕರಿನಿಂದ ದೂರವಿರಲಿ. ಮದುವೆ ಮನೆಯಲ್ಲಿ ಇದು ಬಹಳ ಸಲ ತಿರುಗುಮುರುಗಾಗಿರುತ್ತದೆ. ಅಜ್ಜಿ ತಾತಂದಿರನ್ನು ಗೌರವದಿಂದ ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ. ಸದ್ದು ಯಾವ ಮಟ್ಟ ಮೀರಬಾರದು ಎಂಬುದನ್ನು ಮುಂಗಡ ಕೊಡುವಾಗಲೇ ಸೌಂಡ್‌ನವರಿಗೆ ಹೇಳಿ ಬರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂತಹ ಕಾರ್ಯಕ್ರಮಗಳಿಗಾಗಿ ಹೊರತಂದ ಮಾನದಂಡದಂತೆ ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದು, ಸದ್ದನ್ನು ಅಳೆಯುತ್ತಿರಬೇಕು, ಕಿವಿಗೆ ವಿರಾಮ ಕೊಡಲು ಶಾಂತವಾದ ಜಾಗವಿರಬೇಕು, ಬಂದವರಿಗೆ ಇಯರ್‌ಪ್ಲಗ್ ಸಿಗುವಂತಿರಬೇಕು. ತಾಂಬೂಲದ ತಟ್ಟೆಯ ಪಕ್ಕ ಒಂದು ಬಟ್ಟಲು ಇಯರ್‌ಪ್ಲಗ್ ಇಡುವುದು ಇಂದು ವಿಚಿತ್ರವಾಗಿ ಕಾಣಬಹುದು. ನಮ್ಮ ಮನೆಯ ಆರತಕ್ಷತೆಯಲ್ಲಿ ಇಟ್ಟಿದ್ದೆವು, ರಾತ್ರಿ ಒಂಬತ್ತರೊಳಗೆ ಬಟ್ಟಲು ಬರಿದಾಗಿತ್ತು.

ಕಾನೂನೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಗುರುತಿಸಬಹುದು. ಉಲ್ಲಂಘನೆ ಕಂಡರೆ 112ಕ್ಕೆ ಕರೆ ಮಾಡಬಹುದು.

ಕೊನೆಯ ಹಂತ: ಮನೆಗೆ ಬಂದ ಮೇಲೆ

ಕಿವಿ ಗುಂಯ್‌ಗುಡುತ್ತಿದ್ದರೆ, ಹತ್ತಿ ತುಂಬಿದಂತೆ ಮಂದವಾಗಿದ್ದರೆ, ಕನಿಷ್ಠ ಹದಿನಾರು ಗಂಟೆ ಸದ್ದಿನಿಂದ ದೂರವಿರಿ. ಇಯರ್‌ಫೋನ್ ಮುಟ್ಟಬೇಡಿ. ಬೆಳ್ಳುಳ್ಳಿ ಕಾಸಿದ ಎಣ್ಣೆ, ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ಮೊದಲ ಮದ್ದು, ನನ್ನ ಅಮ್ಮನೂ ಬಿಡುತ್ತಿದ್ದರು. ಆದರೆ ಪೆಟ್ಟು ಬಿದ್ದಿರುವುದು ಕಿವಿಯ ತಮಟೆಯ ಆಚೆ, ಒಳಗಿವಿಯಲ್ಲಿ. ಎಣ್ಣೆ ಅಲ್ಲಿಗೆ ತಲುಪುವುದಿಲ್ಲ, ತಮಟೆ ತೂತಾಗಿದ್ದರೆ ಸೋಂಕು ತರುತ್ತದೆ. ಸಾಮಾನ್ಯವಾಗಿ ಗುಂಯ್‌ಗುಟ್ಟುವಿಕೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿದರೆ ಎಲ್ಲ ಸರಿಹೋಯಿತು ಎಂದೂ ಹೇಳಲಾಗದು: ಕೇಳುವ ಮಟ್ಟ ಮೊದಲಿನಂತಾದ ಮೇಲೂ ರೋಮಕೋಶ ಮತ್ತು ನರಗಳ ನಡುವಿನ ಸಂಪರ್ಕಗಳು ಶಾಶ್ವತವಾಗಿ ಕಳೆದುಹೋಗಬಲ್ಲವೆಂದು ಇಲಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಎರಡು ದಿನ ಕಳೆದರೂ ಗುಂಯ್‌ಗುಟ್ಟುವುದು ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ತಲೆ ಸುತ್ತು ಬಂದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ ಅದೇ ದಿನ ಹೋಗಬೇಕು. ದಿಢೀರ್ ಕಿವುಡಿಗೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲೇ ಹೆಚ್ಚು ಫಲ ಕೊಡುತ್ತದೆ, ಎರಡು ವಾರ ಕಳೆದ ಮೇಲೆ ಅವಕಾಶ ತೀರಾ ಕುಗ್ಗುತ್ತದೆ. ‘ಮೇಣ ಕಟ್ಟಿರಬೇಕು, ನೋಡೋಣ’ ಎಂದು ದಿನ ದೂಡಬೇಡಿ.

ತೊಂದರೆಯಿಲ್ಲದಿದ್ದರೂ, ವರ್ಷಕ್ಕೆ ಹಲವು ಇಂತಹ ರಾತ್ರಿಗಳನ್ನು ಕಳೆಯುವವರು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಅದರ ವರದಿಯಾದ ಆಡಿಯೋಗ್ರಾಮ್ ಇಟ್ಟುಕೊಳ್ಳುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶದಲ್ಲೇ ಹೆಸರಾದದ್ದು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಸಾಮಾನ್ಯವಾಗಿ ಈ ಪರೀಕ್ಷೆ ಆಗುತ್ತದೆ. ಸದ್ದು ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, 250ರಿಂದ 8,000 ಹರ್ಟ್ಸ್‌ವರೆಗಿನ ಸಣ್ಣ ಸಣ್ಣ ಸ್ವರಗಳನ್ನು ಕೇಳಿಸುತ್ತಾರೆ; ಕೇಳಿದಾಗ ಗುಂಡಿ ಒತ್ತಬೇಕು, ಅಷ್ಟೆ, ನೋವಿಲ್ಲ. ಹಿಂದಿನ ದಿನ ಜೋರು ಸದ್ದಿನಲ್ಲಿ ಇರಬಾರದು, ಇದ್ದರೆ ಫಲಿತಾಂಶ ತಪ್ಪಾಗಿ ಬರುತ್ತದೆ. ವರದಿಯ ಹಾಳೆಯನ್ನು ಫೋಟೊ ತೆಗೆದು ಜೋಪಾನವಾಗಿಡಿ. ಮುಂದಿನ ಸಲದ ಗೆರೆಯನ್ನು ಇದರ ಪಕ್ಕದಲ್ಲಿಟ್ಟು 4,000 ಹರ್ಟ್ಸ್ ಬಳಿ ಏನಾಗಿದೆ ಎಂದು ಶ್ರವಣತಜ್ಞರನ್ನು ಕೇಳಿ.